ಗೌಜಲಕ್ಕಿ ಗೂಡಿಗೆ ಕೋಳಿ ಜಾಲರಿ ಹಾಕಬೇಡಿ

ಗೋವಾದ ವಾಸ್ಕೊ, ವೆರ್ಣಾ, ಮಡಗಾಂವ ಕಡೆ ಸಣ್ಣ ಹಿತ್ತಿಲಿರುವ ನಮ್ಮ ಜನ ಯಾರಾದರೂ ಗೌಜಲಕ್ಕಿ ಸಾಕುವ ಯೋಚನೆಯಲ್ಲಿದ್ದರೆ, ಹಕ್ಕಿ ತರುವ ಮೊದಲು ಇದನ್ನು ಓದಿ. ಮಳೆಗಾಲದ ಆರಂಭದಲ್ಲಿ ಇಲ್ಲಿನ ಒಂದು ಹಿತ್ತಿಲಲ್ಲಿ ಒಂದೇ ರಾತ್ರಿ 24 ಹಕ್ಕಿಗಳಲ್ಲಿ 11 ಸತ್ತವು. ಉಳಿದ 13ರಲ್ಲಿ ಏಳು ಮುಂದಿನ ಮೂರು ವಾರಗಳಲ್ಲಿ ಹೋದವು. ಎರಡೂ ಸಲ ತಪ್ಪಿದ್ದು ಗೂಡಿನಲ್ಲೇ.

'ಗೌಜಲಕ್ಕಿಗೆಂದೇ ಮಾಡಿದ್ದು' ಎಂದು ಹೇಳಿ ಮಾರಿದ ಸಿದ್ಧ ಗೂಡು ಅದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಮರದ ಚೌಕಟ್ಟಿಗೆ ಆರು ಮೂಲೆ ಕಣ್ಣಿನ ಕೋಳಿ ಜಾಲರಿ, ಅದಕ್ಕೆ ಸ್ಟೇಪಲ್ ಪಿನ್ನು. ತಳಕ್ಕೂ ಅದೇ ಜಾಲರಿ, ನೆಲದಿಂದ ಒಂದೇ ಅಡಿ ಮೇಲೆ.

ಬೆಳಿಗ್ಗೆ ನೋಡಿದರೆ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇತ್ತು. ಜಾಲರಿ ಎಲ್ಲೂ ಹರಿದಿರಲಿಲ್ಲ. ಆರು ಹಕ್ಕಿಗಳಿಗೆ ತಲೆಯೇ ಇಲ್ಲ, ಮೈ ಮಾತ್ರ ಒಂದು ಗರಿಯೂ ಕೆದರದೆ ಬಿದ್ದಿತ್ತು. ಮೂರಕ್ಕೆ ಕಾಲು ಹೋಗಿತ್ತು. ಇನ್ನೆರಡು ನೆತ್ತಿಯ ಚರ್ಮ ಸುಲಿದು, ಕತ್ತು ಮುರಿದು ಮೂಲೆಯಲ್ಲಿದ್ದವು.

ಅಕ್ಕಪಕ್ಕದವರೆಲ್ಲ ಮುಂಗುಸಿ ಕೆಲಸ ಅಂದರು. ಮುಂಗುಸಿ ಹಗಲಲ್ಲಿ ತಿರುಗುವ ಪ್ರಾಣಿ. ರಾತ್ರಿಯ ಹೊತ್ತು ಅನುಮಾನ ಪಡಬೇಕಾದದ್ದು ಬೆಕ್ಕು, ಪುನುಗು ಬೆಕ್ಕು, ಹೆಗ್ಗಣ, ಇಲಿಗಳ ಮೇಲೆ. ಇವು ಒಳಗೆ ಬರಬೇಕೆಂದೇ ಇಲ್ಲ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಗೌಜಲಕ್ಕಿ ಕೋಳಿಯ ಹಾಗೆ ಅಟ್ಟಣಿಗೆ ಏರಿ ಮಲಗುವುದಿಲ್ಲ. ತಳದಲ್ಲೇ, ಗೋಡೆಗೆ ಮೈ ಒತ್ತಿಕೊಂಡು ಮಲಗುತ್ತದೆ. ಬೆಕ್ಕು ಒಂದು ಬದಿಯಿಂದ ಹೆದರಿಸಿದರೆ ಹಕ್ಕಿಗಳು ಇನ್ನೊಂದು ಬದಿಗೆ ನುಗ್ಗಿ ಜಾಲರಿಯ ಕಣ್ಣಿನಿಂದ ತಲೆ ಹೊರಗೆ ಹಾಕುತ್ತವೆ. ಉಗುರಿಗೆ ಸಿಕ್ಕಿದ್ದು ಅಷ್ಟೇ, ತಿಂದದ್ದೂ ಅಷ್ಟೇ. ಕೆಳಗಿನಿಂದ ಹೆಗ್ಗಣ ಬಂದು ಕಾಲು ಕಡಿಯುತ್ತದೆ. ಗಾಬರಿಯಾದ ಹಕ್ಕಿ ನೆಟ್ಟಗೆ ಮೇಲಕ್ಕೆ ಚಿಮ್ಮಿ ಚಾವಣಿಗೆ ತಲೆ ಹೊಡೆದುಕೊಳ್ಳುತ್ತದೆ. ಕತ್ತು ಮುರಿದ ಎರಡು ಹಕ್ಕಿಗಳನ್ನು ಯಾವ ಪ್ರಾಣಿಯೂ ಮುಟ್ಟಿರಲಿಲ್ಲ.

ಕೋಳಿ ಜಾಲರಿ ಕೋಳಿಯನ್ನು ಒಳಗಿಡಲು ಇರುವುದು, ಕಳ್ಳನನ್ನು ಹೊರಗಿಡಲು ಅಲ್ಲ. ಅದರ ಕಣ್ಣು ಒಂದು ಇಂಚಿದ್ದರೆ ಇಲಿ ಸಲೀಸಾಗಿ ನುಸುಳುತ್ತದೆ, ತಂತಿಯೂ ಕೂದಲಿನಷ್ಟು ತೆಳು. ಬೇಕಾದದ್ದು ಅರ್ಧ ಇಂಚು, ಅಂದರೆ 12 ಮಿಲಿಮೀಟರ್ ಚೌಕ ಕಣ್ಣಿನ ವೆಲ್ಡ್ ಮೆಶ್, ತಂತಿಗಳನ್ನು ಬೆಸೆದು ಮಾಡಿದ ಜಾಲರಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. 18 ಅಥವಾ 16 ಕೇಳಿ, 22 ತೋರಿಸಿದರೆ ವಾಪಸ್ ಬನ್ನಿ. ಅಂಗಡಿಯಲ್ಲಿ ತಂತಿಗಳು ಸೇರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಸತುವಿನ ಲೇಪ ಗಂಟುಗಂಟಾಗಿ ನಿಂತಿದ್ದರೆ ಬೆಸೆದ ಮೇಲೆ ಸತುವಿನಲ್ಲಿ ಅದ್ದಿದ್ದಾರೆ ಎಂದರ್ಥ. ಕಪ್ಪು ಸುಟ್ಟ ಚುಕ್ಕೆ ಇದ್ದರೆ ಲೇಪದ ತಂತಿಯನ್ನು ಆಮೇಲೆ ಬೆಸೆದಿದ್ದಾರೆ. ಕಡಲ ಗಾಳಿಯಲ್ಲಿ ತುಕ್ಕು ಮೊದಲು ಹಿಡಿಯುವುದು ಆ ಚುಕ್ಕೆಗಳಿಗೇ. ಮೆಶ್‌ ಅನ್ನು ಪಿನ್ನಿನಿಂದ ಹೊಡೆಯಬೇಡಿ. ಅಂಚಿನ ಮೇಲೆ ಮರದ ಪಟ್ಟಿ ಇಟ್ಟು, ಗೇಣಿಗೊಂದರಂತೆ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಹೊರಗೋಡೆಯ ಕೆಳಭಾಗವನ್ನು, ಮಲಗಿದ ಹಕ್ಕಿ ಮರೆಯಾಗುವಷ್ಟು ಎತ್ತರಕ್ಕೆ, ಹಲಗೆಯಿಂದಲೇ ಮುಚ್ಚಿಬಿಡಿ. ಮಲಗಿದ ಹಕ್ಕಿ ಹೊರಗಿನ ಕಣ್ಣಿಗೂ ಬೀಳುವುದಿಲ್ಲ, ಉಗುರಿಗೂ ಸಿಗುವುದಿಲ್ಲ.

ಕಾಲುಗಳು ಎರಡೂವರೆ ಅಡಿ ಎತ್ತರ ಇರಲಿ. ಪ್ರತಿ ಕಾಲಿಗೂ ನಡುವೆ ತಗಡಿನ ಲಾಳಿಕೆಯನ್ನು ಅಗಲ ಬಾಯಿ ಕೆಳಗೆ ಮಾಡಿ, ಕೊಡೆಯ ಹಾಗೆ ಕಟ್ಟಿದರೆ ಇಲಿ ಹತ್ತಲಾರದು. ಗೂಡನ್ನು ಚಿರೆಕಲ್ಲಿನ ಕಾಂಪೌಂಡಿಗೆ ಒರಗಿಸಿ ಇಡುವವರೇ ಜಾಸ್ತಿ. ಅದರಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ. ಆ ಕಲ್ಲಿನ ಸಂದುಗಳಲ್ಲೇ ಇಲಿ, ಇಲಿಯ ಹಿಂದೆಯೇ ಹಾವು. ಗೋಡೆಯಿಂದ, ತೆಂಗಿನ ಮರದಿಂದ, ಬಟ್ಟೆ ಒಣಹಾಕುವ ಹಗ್ಗದಿಂದ ಕನಿಷ್ಠ ಮೂರು ಅಡಿ ದೂರ ಇರಲಿ. ಬಾಗಿಲಿಗೆ ತಿರುಗುವ ಮರದ ತುಂಡು ಸಾಲದು. ಮೇಲೊಂದು ಕೆಳಗೊಂದು ಚಿಲಕ, ಎರಡಕ್ಕೂ ಸ್ಪ್ರಿಂಗ್ ಕೊಂಡಿ.

ಎತ್ತರದ ವಿಷಯದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಗೂಡು ಒಂದು ಅಡಿಗಿಂತ ಎತ್ತರ ಬೇಡ, ಇಲ್ಲವೇ ಮನುಷ್ಯ ನಿಲ್ಲುವಷ್ಟು ಎತ್ತರ ಇರಬೇಕು. ನಡುವಿನ ಎರಡು-ಮೂರು ಅಡಿ ಬಲು ಕೆಟ್ಟದ್ದು, ಚಿಮ್ಮಿದ ಹಕ್ಕಿಗೆ ವೇಗ ಬರುವಷ್ಟು ಜಾಗ ಸಿಗುತ್ತದೆ, ನಿಲ್ಲುವಷ್ಟು ಸಿಗುವುದಿಲ್ಲ. ಹಳೆಯ ಗೂಡನ್ನೇ ಸುಧಾರಿಸುವುದಾದರೆ ಚಾವಣಿಯಿಂದ ಎರಡು ಇಂಚು ಕೆಳಗೆ ನರ್ಸರಿಯ ಹಸಿರು ನೆರಳುಬಲೆಯನ್ನು ಸ್ವಲ್ಪ ಸಡಿಲವಾಗಿ ಕಟ್ಟಿ.

ಇನ್ನು ಎರಡನೆಯ ಸಾವುಗಳು. ಆ ರಾತ್ರಿಯ ಭಯಕ್ಕೆ ಗೂಡಿನ ನಾಲ್ಕೂ ಕಡೆ ನೀಲಿ ತಾಡಪಾಲು ಸುತ್ತಿದರು. ಬೆಕ್ಕು ಬರಲಿಲ್ಲ, ಮಳೆಯೂ ಒಳಗೆ ಬರಲಿಲ್ಲ. ಗಾಳಿಯೂ ಬರಲಿಲ್ಲ. ದೊಡ್ಡ ಗೌಜಲಕ್ಕಿ ದಿನಕ್ಕೆ 20ರಿಂದ 25 ಗ್ರಾಂ ಮೇವು ತಿನ್ನುತ್ತದೆ. ಹದಿಮೂರು ಹಕ್ಕಿ ಅಂದರೆ ದಿನಕ್ಕೆ ಸುಮಾರು 300 ಗ್ರಾಂ, ಅದರ ಹಿಕ್ಕೆಯೆಲ್ಲ ಜಾಲರಿಯ ಕೆಳಗಿನ ತೇವದ ಮರದ ಹೊಟ್ಟಿನಲ್ಲೇ ಕೊಳೆಯುತ್ತಿತ್ತು. ಅಮೋನಿಯಾ ಭಾರೀ ಇತ್ತು. ನಿಂತವರ ಮೂಗಿಗೆ ಗೊತ್ತಾಗುವ ಮೊದಲೇ ತಳದಲ್ಲಿರುವ ಹಕ್ಕಿಯ ಕಣ್ಣು, ಶ್ವಾಸ ಕೆಡುತ್ತದೆ. ಕುಕ್ಕರಗಾಲಲ್ಲಿ ಕೂತು, ಮುಖವನ್ನು ಹಕ್ಕಿಯ ಮಟ್ಟಕ್ಕೆ ತಂದು ಉಸಿರೆಳೆಯಿರಿ. ಕಣ್ಣು ಚುರುಗುಟ್ಟಿದರೆ ಅವತ್ತೇ ಗೂಡು ಬಿಚ್ಚಿ. ಆ ಹಕ್ಕಿಗಳು ಬಿಳಿ ನೀರಿನಂಥ ಹಿಕ್ಕೆ ಹಾಕಿ, ಗರಿ ಕೆದರಿ ಕೂತು, ಒಂದೆರಡು ದಿನದಲ್ಲೇ ಸತ್ತವು. ಗೌಜಲಕ್ಕಿಗಳಲ್ಲಿ ಕರುಳು ಹುಣ್ಣಾಗುವ ಒಂದು ರೋಗ ಹೀಗೇ ಕಾಣಿಸುತ್ತದೆ, ಹಿಕ್ಕೆಯಿಂದ, ನೊಣದಿಂದ ಹರಡುತ್ತದೆ. ರಕ್ತಭೇದಿಯ ರೋಗವೂ ತೇವದಲ್ಲೇ ಹೆಚ್ಚುವುದು. ಯಾವುದೆಂದು ಸತ್ತ ಹಕ್ಕಿಯನ್ನು ಕೊಯ್ದು ನೋಡಿದ ಪಶುವೈದ್ಯರೇ ಹೇಳಬೇಕು, ಅಂಗಡಿಯವರ ಮಾತು ಕೇಳಿ ಆಂಟಿಬಯೋಟಿಕ್ ಕಲಸಬೇಡಿ.

ಗೋವಾದ ಮಳೆ ಗಾಳಿ ಬರುವುದು ನೈಋತ್ಯದಿಂದ. ಪಶ್ಚಿಮ, ದಕ್ಷಿಣ ಎರಡು ಬದಿ ಹಲಗೆಯಿಂದ ಮುಚ್ಚಿ, ಪೂರ್ವ, ಉತ್ತರದಲ್ಲಿ ಕೆಳಗಿನ ಹಲಗೆಯ ಮೇಲೆ ಗಾಳಿಯಾಡಲು ಬರೀ ಮೆಶ್ ಇರಲಿ. ಶೀಟು ಇಳಿಜಾರಾಗಿ, ಎಲ್ಲ ಕಡೆ ಒಂದೂವರೆ ಅಡಿ ಹೊರಚಾಚಿರಲಿ. ತಳ ಜಾಲರಿಯದಾದರೆ ಅರ್ಧ ಅಡಿ ಕೆಳಗೆ ತಟ್ಟೆ, ತಟ್ಟೆಯನ್ನು ಮಳೆಗಾಲದಲ್ಲಿ ದಿನಾ ಬಳಿಯಬೇಕು. ತಳದ ಮೂರನೇ ಒಂದು ಭಾಗಕ್ಕೆ ಹಲಗೆ ಹಾಕಿ ಒಣ ಮರಳಿನ ತಟ್ಟೆ ಇಡಿ, ಪಾದ ಹುಣ್ಣಾಗುವುದಿಲ್ಲ.

ಎಂಟು ಚದರಡಿಯಲ್ಲಿ 24 ಹಕ್ಕಿ ಇಟ್ಟದ್ದೂ ತಪ್ಪೇ. ವ್ಯಾಪಾರಕ್ಕೆ ಸಾಕುವವರು ಚದರಡಿಗೆ ಐದಾರು ತುಂಬುತ್ತಾರೆ, ಆದರೆ ಅವರಲ್ಲಿ ಫ್ಯಾನು, ಆಳು ಇರುತ್ತದೆ. ಹಿತ್ತಿಲಲ್ಲಿ ಚದರಡಿಗೆ ಒಂದೇ ಹಕ್ಕಿ, ಮೂರು ಹೆಣ್ಣಿಗೆ ಒಂದು ಗಂಡು. ಮೂರು ವಾರಕ್ಕೆ ಎದೆ ನೋಡಿದರೆ ಗೊತ್ತಾಗುತ್ತದೆ: ಗಂಡಿಗೆ ಚುಕ್ಕೆಯಿಲ್ಲದ ಕೆಂಗಂದು, ಹೆಣ್ಣಿಗೆ ಕಪ್ಪು ಚುಕ್ಕೆ. ನಾಟಿ ಕೋಳಿಯ ಜೊತೆ ಒಂದೇ ಗೂಡಿಗೆ ಹಾಕಲೇಬೇಡಿ. ಕೋಳಿ ಮೇಲ್ನೋಟಕ್ಕೆ ಚೆನ್ನಾಗಿದ್ದೇ ಹೊತ್ತು ತರುವ ರೋಗ ಗೌಜಲಕ್ಕಿಯನ್ನು ಕೊಲ್ಲುತ್ತದೆ.

ಮೇವು 15 ದಿನಕ್ಕಾಗುವಷ್ಟೇ ತನ್ನಿ, ಮುಚ್ಚಳದ ಡ್ರಮ್ಮಿನಲ್ಲಿಡಿ. ಬೂಸಲು ವಾಸನೆ ಬಂದ ಜೋಳ ಒಂದು ಮುಷ್ಟಿಯೂ ಬೇಡ.

ಗೂಡಿನೊಳಗೆ ಹಾವು ಕಂಡರೆ ಕೋಲು ಹಿಡಿಯಬೇಡಿ. ಹಕ್ಕಿ ನುಂಗಿದ ಹಾವು ಬಂದ ತೂತಿನಲ್ಲಿ ವಾಪಸ್ ಹೋಗಲಾರದೆ ಅಲ್ಲೇ ಇರುತ್ತದೆ, ಕೇರೆಯೋ ನಾಗರವೋ ಕತ್ತಲಲ್ಲಿ ತಿಳಿಯುವುದಿಲ್ಲ. ಅರಣ್ಯ ಇಲಾಖೆಗೆ ಹೇಳಿ, ಅವರು ಬರುವವರೆಗೆ ದೂರದಿಂದ ಕಣ್ಣಿಟ್ಟಿರಿ.

ಗಾಯವಿಲ್ಲದೆ ಒಂದೇ ದಿನ ಮೂರು-ನಾಲ್ಕು ಹಕ್ಕಿ ಸತ್ತರೆ ತಿನ್ನಬೇಡಿ, ನಾಲೆಗೆ ಎಸೆಯಬೇಡಿ, ಉಳಿದವನ್ನು ಯಾರಿಗೂ ಮಾರಬೇಡಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂದಾಗಿನಿಂದ ಇಂಥ ಸಾವನ್ನು ಸರ್ಕಾರಿ ಪಶು ಆಸ್ಪತ್ರೆಗಳು ಹಗುರವಾಗಿ ನೋಡುವುದಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎರಡು ಹಕ್ಕಿಗಳನ್ನು ಇನ್ನೊಂದು ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಐಸಿನ ಜೊತೆ ಡಬ್ಬಿಯಲ್ಲಿಟ್ಟು, ಮೊದಲು ಫೋನು ಮಾಡಿ. ಮಿಕ್ಕವನ್ನು ಅವರು ಹೇಳಿದ ಮೇಲೆ, ಬಾವಿಯಿಂದ ದೂರ, ಮೂರು ಅಡಿ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿ.