ಕೆಟ್ಟ ಸುದ್ದಿಗೆ ಮುಖ ಕೊಡುವುದು: ಮುಖ್ಯಸ್ಥರ ಕಾರ್ಯಾಗಾರವೊಂದರ ವಿಮರ್ಶೆ

ಕೆಲಸದ ಜಾಗದಲ್ಲಿ ಒಳ್ಳೆಯ ವಾತಾವರಣ ಮೂಡಿಸುವುದು ಹೇಗೆ ಎಂದು ತಂಡಗಳ ಮುಖ್ಯಸ್ಥರಿಗೆ ಕಲಿಸುವ ತರಬೇತಿ ಸೇವೆಯೊಂದನ್ನು ನಮ್ಮ ಸಂಸ್ಥೆ ಈಚೆಗೆ ಪಡೆದುಕೊಂಡಿತು. ಮೊದಲಿಗೆ ನಮ್ಮ ನಮ್ಮ ತಂಡದವರಿಗೆ ಹೆಸರು ಬರೆಯಬೇಕಿಲ್ಲದ ಒಂದು ಪ್ರಶ್ನಾವಳಿ, ನಂತರ ಎರಡು ದಿನಗಳ ಕಾರ್ಯಾಗಾರ, ಮೂರು ತಿಂಗಳು ಕಳೆದ ಮೇಲೆ ಪ್ರತಿಯೊಬ್ಬ ಮುಖ್ಯಸ್ಥರೊಡನೆ ಒಂದು ಗಂಟೆಯ ಮಾತುಕತೆ, ಇಷ್ಟು ಅದರ ಸ್ವರೂಪ. 14 ಜನರ ವಿಭಾಗವೊಂದನ್ನು 9 ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಇಂಥ ತರಬೇತಿಗಳ ಬಗ್ಗೆ ಅಷ್ಟೇನೂ ಒಲವಿರಲಿಲ್ಲ. ಒತ್ತಾಯಕ್ಕೆ ಹೋದವರ ಸಾಲಿನಲ್ಲೇ ನಾನೂ ಹೋದೆ. ಈಗ ಮೂರು ಹಂತಗಳೂ ಮುಗಿದಿರುವುದರಿಂದ ಹೇಳಬಹುದು: ಎರಡನೆಯ ದಿನ ಕೊಟ್ಟ ಹಣಕ್ಕೆ ಮೋಸವಿಲ್ಲ, ಮೊದಲ ದಿನದ ಮಧ್ಯಾಹ್ನವನ್ನು ಕೈಬಿಟ್ಟರೆ ಯಾರಿಗೂ ನಷ್ಟವಿಲ್ಲ, ಪ್ರಶ್ನಾವಳಿಯನ್ನು ಮಾತ್ರ ಈಗಿರುವ ರೂಪದಲ್ಲಿ ಯಾವ ಸಂಸ್ಥೆಯೂ ಒಪ್ಪಿಕೊಳ್ಳಬಾರದು.

ಮೊದಲ ದಿನದ ಬೆಳಗಿನ ಅವಧಿ ವಿಷಯದ ಇತಿಹಾಸಕ್ಕೆ ಮೀಸಲಾಗಿತ್ತು. ಇತಿಹಾಸವೆಂದರೆ ತೂಕಡಿಕೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ತರಬೇತುದಾರರು ಮನಶ್ಶಾಸ್ತ್ರಜ್ಞರಾದ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಅವರು 1939ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಆರಂಭಿಸಿದರು. ಹತ್ತು ವರ್ಷದ ಹುಡುಗರ ಸಣ್ಣ ಕ್ಲಬ್ಬುಗಳಿಗೆ ಮೂರು ಬಗೆಯ ಹಿರಿಯರನ್ನು ಕೊಟ್ಟು ನೋಡಿದ ಪ್ರಯೋಗವದು: ಎಲ್ಲವನ್ನೂ ತಾನೇ ತೀರ್ಮಾನಿಸಿ ಅಪ್ಪಣೆ ಕೊಡುವವನು, ಹುಡುಗರೊಡನೆ ಚರ್ಚಿಸಿ ನಿರ್ಧರಿಸುವವನು, ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುವವನು. ಹಿರಿಯನು ಕೋಣೆಯಿಂದ ಹೊರಗೆ ಹೋದ ಹೊತ್ತಿನಲ್ಲಿ ಅಪ್ಪಣೆಯ ಗುಂಪಿನ ಕೆಲಸ ಥಟ್ಟನೆ ಕುಸಿಯಿತು, ಚರ್ಚೆಯ ಗುಂಪಿನದು ಹೆಚ್ಚು ಕಡಿಮೆ ಮೊದಲಿನಂತೆಯೇ ಸಾಗಿತು. ಇಷ್ಟನ್ನು ಹೇಳಿದ ತರಬೇತುದಾರರು ಮುಂದಿನ ಸ್ಲೈಡಿಗೆ ಹೋಗದೆ, "ನೀವು ರಜೆ ಹಾಕಿದ ದಿನ ನಿಮ್ಮ ವಿಭಾಗ ಹೇಗಿರುತ್ತದೆ?" ಎಂದು ಕೇಳಿ ಸುಮ್ಮನೆ ನಿಂತರು. 22 ಜನರಿದ್ದ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದರ ನಂತರ ಬಂದ ಭಾಗ. ಮನಶ್ಶಾಸ್ತ್ರಜ್ಞ ಡೇನಿಯಲ್ ಗೋಲ್‌ಮನ್ 2000ದಲ್ಲಿ 3,871 ಕಾರ್ಯನಿರ್ವಾಹಕರ ಮಾಹಿತಿಯನ್ನು ಆಧರಿಸಿ ನಾಯಕತ್ವದ ಆರು ಶೈಲಿಗಳನ್ನು ವಿಂಗಡಿಸಿ, ಅವುಗಳಲ್ಲಿ ಯಾವುದು ಕೆಲಸದ ವಾತಾವರಣವನ್ನು ಏರಿಸುತ್ತದೆ, ಯಾವುದು ಇಳಿಸುತ್ತದೆ ಎಂದು ತೋರಿಸಿದ್ದರು. ಬೆದರಿಸಿ ಕೆಲಸ ತೆಗೆಯುವ ಶೈಲಿ ವಾತಾವರಣವನ್ನು ಕೆಡಿಸುತ್ತದೆ ಎಂಬುದು ಯಾರಿಗಾದರೂ ಗೊತ್ತಿರುವ ಸಂಗತಿ. ಆದರೆ ಕೆಡಿಸುವ ಪಟ್ಟಿಯಲ್ಲಿದ್ದ ಎರಡನೆಯ ಶೈಲಿ, ತಾನೇ ಮುಂದೆ ಓಡಿ ತೋರಿಸುವವನದು. ಎಲ್ಲರೂ ತನ್ನ ವೇಗಕ್ಕೇ ಬರಬೇಕೆಂದು ಬಯಸುವ, ಬರಲಾಗದವನ ಕೈಯಿಂದ ಕೆಲಸವನ್ನು ಕಿತ್ತುಕೊಂಡು ತಾನೇ ಮುಗಿಸಿಬಿಡುವವನದು. ತಂಡದವರು ಬರೆದ ವರದಿಗಳನ್ನು ರಾತ್ರಿ ಕೂತು ಮೊದಲಿನಿಂದ ತಿದ್ದಿ ಬರೆಯುವುದನ್ನು ನಾನು ಇಷ್ಟು ವರ್ಷ ತ್ಯಾಗವೆಂದೇ ಎಣಿಸಿಕೊಂಡು ಬಂದಿದ್ದೆ. ಬೆಳಿಗ್ಗೆ ತನ್ನ ವರದಿ ಗುರುತು ಸಿಗದಂತಾಗಿರುವುದನ್ನು ಕಂಡವನಿಗೆ ಅದು ತ್ಯಾಗವಾಗಿ ಕಂಡಿರಲಾರದು ಎಂಬುದು ನನಗೆ ಹೊಳೆದದ್ದು ಆ ಕೋಣೆಯಲ್ಲಿ.

ಊಟಕ್ಕೆ ಮುಂಚೆ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ ಆಸ್ಪತ್ರೆಯ ಅಧ್ಯಯನ ಬಂತು. ಒಳ್ಳೆಯ ಹೊಂದಾಣಿಕೆಯಿರುವ ವಾರ್ಡುಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆಯಿರಬಹುದೆಂದು ಊಹಿಸಿ ಹೋದ ಅವರಿಗೆ, ಅಂಥ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿರುವುದು ಕಂಡಿತು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಅದರ ಅರ್ಥ. 1999ರಲ್ಲಿ ಅವರು ತಯಾರಿಕಾ ಕಂಪನಿಯೊಂದರ 51 ತಂಡಗಳ ಅಧ್ಯಯನವನ್ನು ಪ್ರಕಟಿಸಿ, ಹೀಗೆ ನಿರ್ಭಯವಾಗಿ ಮಾತಾಡಬಲ್ಲ ಸ್ಥಿತಿಗೂ ತಂಡದ ಕಲಿಕೆಗೂ ಇರುವ ನಂಟನ್ನು ತೋರಿಸಿದರು. ಗೂಗಲ್ ತನ್ನದೇ ಸುಮಾರು 180 ತಂಡಗಳನ್ನು ಪರಿಶೀಲಿಸಿದಾಗಲೂ ಈ ಅಂಶವೇ ಎಲ್ಲಕ್ಕಿಂತ ಮುಖ್ಯವೆಂದು ಕಂಡುಬಂದಿತ್ತು. ದೂರುಗಳೇ ಇಲ್ಲದ ವಿಭಾಗ ನನ್ನದು ಎಂದು ಬೀಗುವ ಮುಖ್ಯಸ್ಥರಿಗೆ ಈ ಒಂದು ಗಂಟೆ ಸಾಕು.

ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಮಧ್ಯಾಹ್ನ ಅವರೇ ಕೆಡವಿದರು. ಒಂದು ಟೀಕೆಗೆ ಮೂರು ಮೆಚ್ಚುಗೆ ಎಂಬ ಲೆಕ್ಕವನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿ, ಇದು ಗಣಿತದಿಂದಲೇ ಸಿದ್ಧವಾದ ಅನುಪಾತವೆಂದು ಸಾರಿದರು. ಈ ಅನುಪಾತದ ಮೂಲ 2005ರ ಒಂದು ಪ್ರಬಂಧ; ಅದರಲ್ಲಿ 2.9013 ಎಂಬ, ನಾಲ್ಕು ದಶಾಂಶ ಸ್ಥಾನಗಳವರೆಗೆ ಹೋಗುವ ಸಂಖ್ಯೆಯೇ ಇತ್ತು. 2013ರಲ್ಲಿ ಸಂಶೋಧಕರಾದ ನಿಕ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ಆ ಗಣಿತಕ್ಕೆ ಯಾವ ಆಧಾರವೂ ಇಲ್ಲವೆಂದು ತೋರಿಸಿದರು, ಪ್ರಬಂಧದ ಆ ಭಾಗವನ್ನು ಅಧಿಕೃತವಾಗಿ ಹಿಂಪಡೆಯಲಾಯಿತು. ಇಷ್ಟು ವರ್ಷಗಳ ಮೇಲೂ ಅದನ್ನು ಸ್ಲೈಡಿನಲ್ಲಿ ಉಳಿಸಿಕೊಂಡಿರುವುದು ಸೋಮಾರಿತನವೇ ಹೊರತು ಬೇರೇನಲ್ಲ. ಮನುಷ್ಯರ ಮೆಚ್ಚುಗೆ ಲೆಕ್ಕದ ಚೀಟಿಯಂತೆ ಬರತೊಡಗಿದರೆ, ಮೂರನೆಯ ಹೊಗಳಿಕೆ ಕಿವಿಗೆ ಬೀಳುವಷ್ಟರಲ್ಲಿ ಕೇಳುವವನು ಬೈಗುಳಕ್ಕೆ ಸಿದ್ಧನಾಗಿ ಕೂತಿರುತ್ತಾನೆ.

ಆಮೇಲೆ ಬಣ್ಣದ ಚೀಟಿಗಳಲ್ಲಿ ಕೃತಜ್ಞತೆ ಬರೆದು ಗೋಡೆಗೆ ಅಂಟಿಸುವ ಆಟ, ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವ ಆಟ. ಇವುಗಳ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಎರಡು ದಿನಗಳಲ್ಲಿ ಒಮ್ಮೆಯೂ ಕೆಲಸದ ಹೊರೆ, ಸಂಬಳ, ಬಡ್ತಿಯ ನಿಯಮ, ಖಾಲಿ ಬಿದ್ದಿರುವ ಹುದ್ದೆಗಳ ಮಾತು ಬರಲಿಲ್ಲ. ಸಂಬಳ, ಮೇಲುಸ್ತುವಾರಿ, ಕೆಲಸದ ಪರಿಸ್ಥಿತಿ ಇವು ಕೆಟ್ಟಿದ್ದರೆ ಅತೃಪ್ತಿ ಹುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಅವರ ಸಿದ್ಧಾಂತದ ಉಳಿದ ಭಾಗವನ್ನು ಒಪ್ಪಿದರೂ ಬಿಟ್ಟರೂ ಈ ಮಾತನ್ನು ತಳ್ಳಿಹಾಕುವುದು ಕಷ್ಟ. ಇಬ್ಬರ ಕೆಲಸವನ್ನು ಒಬ್ಬನೇ ಹೊತ್ತಿರುವ ಕಡೆ ಮುಖ್ಯಸ್ಥ ಎಷ್ಟೇ ನಯವಾಗಿ ಮಾತಾಡಿದರೂ ಅದು ಕಣ್ಣೊರೆಸುವ ತಂತ್ರವಾಗಿಯೇ ಕಾಣುತ್ತದೆ. ಶುಲ್ಕ ಕೊಡುವವರು ಆಡಳಿತ ಮಂಡಳಿಯವರಾದ್ದರಿಂದ ಈ ಮೌನ ಎಂದು ಊಹಿಸುವುದಕ್ಕೆ ಹೆಚ್ಚಿನ ಬುದ್ಧಿ ಬೇಕಿಲ್ಲ.

ಎರಡನೆಯ ದಿನ ಆರಂಭಕ್ಕೆ ಮುನ್ನವೇ ನಡೆದ ಚಿಕ್ಕ ಘಟನೆಯೊಂದನ್ನು ಹೇಳಬೇಕು. ತರಬೇತುದಾರರ ಸಹಾಯಕಿ, ಇನ್ನೂ ಎಳೆಯ ಹುಡುಗಿ, ಬಾಗಿಲ ಬಳಿ ಬಂದು ನಿಂತು, ಅಭ್ಯಾಸದ ಹಾಳೆಗಳು ಅರ್ಧದಷ್ಟು ಮಾತ್ರ ಮುದ್ರಣವಾಗಿವೆ, ತಾನು ಸಂಖ್ಯೆಯನ್ನು ತಪ್ಪಾಗಿ ಕೊಟ್ಟುಬಿಟ್ಟೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಮುಂದಿನ ಸಾಲಿನಲ್ಲಿದ್ದ ನಮಗೆಲ್ಲ ಅದು ಕೇಳಿಸಿತು. ತರಬೇತುದಾರರು ಕೈಯಲ್ಲಿದ್ದ ಲೇಖನಿಯನ್ನು ಮೇಜಿನ ಮೇಲಿಟ್ಟು ಅವಳ ಕಡೆಗೆ ಪೂರ್ತಿ ತಿರುಗಿ, "ಈಗಲೇ ಹೇಳಿದ್ದು ಒಳ್ಳೆಯದಾಯಿತಮ್ಮ. ಎಷ್ಟು ಇವೆ?" ಎಂದರು. ಹನ್ನೊಂದು ಇದ್ದವು. ಇಬ್ಬರಿಗೆ ಒಂದರಂತೆ ಹಂಚಲಾಯಿತು. ನಾಟಕವಾಡಿದ್ದರೆ ಇಷ್ಟು ಸಹಜವಾಗಿ ಬರುತ್ತಿರಲಿಲ್ಲ; ಹಿಂದಿನ ದಿನದ ಅಷ್ಟೂ ಸ್ಲೈಡುಗಳಿಗಿಂತ ಆ ಲೇಖನಿ ಕೆಳಗಿಟ್ಟ ಗಳಿಗೆಯೇ ನನಗೆ ಈಗಲೂ ನೆನಪಾಗುವುದು.

ಅಂದಿನ ಅಭ್ಯಾಸವೂ ಇದೇ ಎಳೆಯದು. ಒಬ್ಬರು ಮುಖ್ಯಸ್ಥ, ಇನ್ನೊಬ್ಬರು ತಪ್ಪೊಪ್ಪಿಕೊಳ್ಳಲು ಬರುವ ಸಿಬ್ಬಂದಿ. ನಾಲ್ಕು ನಿಮಿಷದ ಮಾತುಕತೆಯನ್ನು ವಿಡಿಯೋ ಮಾಡಿ, ಮೊದಲು ಸದ್ದಿಲ್ಲದೆ, ಆಮೇಲೆ ಸದ್ದಿನೊಡನೆ ತೋರಿಸುತ್ತಾರೆ. ಸದ್ದಿಲ್ಲದೆ ತೋರಿಸುವುದರಲ್ಲೇ ಇದರ ಜಾಣ್ಮೆಯಿದೆ. ನನ್ನ ಮಾತುಗಳೆಲ್ಲ ಸಭ್ಯವಾಗಿದ್ದವು, "ಪರವಾಗಿಲ್ಲ ಬಿಡಿ" ಎಂದು ಎರಡು ಸಲ ಹೇಳಿದ್ದೆ. ಪರದೆಯಲ್ಲಿ ಕಂಡ ವ್ಯಕ್ತಿ ಮಾತ್ರ ಮೊದಲ ವಾಕ್ಯಕ್ಕೇ ಹುಬ್ಬು ಗಂಟಿಕ್ಕಿದ್ದ, ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ಗಡಿಯಾರದತ್ತ ನೋಡಿದ, ಕಡೆಗೆ ಫೈಲನ್ನು ತನ್ನ ಕಡೆಗೆ ಎಳೆದುಕೊಂಡ. ಸಿಬ್ಬಂದಿಯ ಪಾತ್ರ ವಹಿಸಿದ್ದ ಸಹೋದ್ಯೋಗಿ, "ನೀವು ಫೈಲ್ ಎಳೆದುಕೊಂಡ ಕೂಡಲೇ ನನಗೆ ಇನ್ನೂ ಹೇಳಬೇಕಿದ್ದದ್ದು ಗಂಟಲಲ್ಲೇ ಉಳಿಯಿತು ಸರ್" ಎಂದರು. ಹಿಂದಿನ ವರ್ಷ ನಮ್ಮ ವಿಭಾಗದಲ್ಲಿ ಒಂದು ಲೆಕ್ಕದ ತಪ್ಪು 11 ದಿನ ನನ್ನಿಂದ ಮರೆಯಾಗಿಯೇ ಉಳಿದಿತ್ತು. ಆಗ ಅದನ್ನು ಸಂಬಂಧಪಟ್ಟವರ ಬೇಜವಾಬ್ದಾರಿ ಎಂದು ಬರೆದು ಮೇಲಕ್ಕೆ ಕಳುಹಿಸಿದವನು ನಾನೇ.

ಈ ಅಭ್ಯಾಸದ ಜೊತೆಗೆ ಅವರು ಹೇಳಿಕೊಟ್ಟ ರೂಢಿಗಳು ಸರಳವಾದವು. ಸಭೆಯಲ್ಲಿ ಮುಖ್ಯಸ್ಥ ತನ್ನ ಅಭಿಪ್ರಾಯವನ್ನು ಕಡೆಯಲ್ಲಿ ಹೇಳಬೇಕು, ಏಕೆಂದರೆ ಮೊದಲೇ ಹೇಳಿದರೆ ಉಳಿದವರದು ತಲೆದೂಗುವ ಕೆಲಸವಷ್ಟೇ. ತಪ್ಪಿನ ಸುದ್ದಿ ಬಂದಾಗ "ಯಾರು?" ಎಂಬುದಕ್ಕಿಂತ ಮುಂಚೆ "ಏನಾಯಿತು, ಈಗ ಏನು ಬೇಕು?" ಎಂದು ಕೇಳಬೇಕು. ಟೊಯೋಟಾ ಕಾರ್ಖಾನೆಗಳ ಆಂಡನ್ ಹಗ್ಗದ ಉದಾಹರಣೆಯನ್ನು ಇಲ್ಲಿ ಸೊಗಸಾಗಿ ಬಳಸಿಕೊಂಡರು: ದೋಷ ಕಂಡ ಯಾವ ಕೆಲಸಗಾರನೂ ಅದನ್ನು ಎಳೆಯಬಹುದು, ಎಳೆದೊಡನೆ ತಂಡದ ನಾಯಕ ಅವನಿದ್ದಲ್ಲಿಗೆ ಬರುತ್ತಾನೆ, ಅಲ್ಲೇ ಸರಿಯಾಗದಿದ್ದರೆ ಉತ್ಪಾದನೆಯ ಸಾಲೇ ನಿಲ್ಲುತ್ತದೆ. ಹಗ್ಗ ಕಟ್ಟುವುದು ಯಾರಿಗಾದರೂ ಬರುತ್ತದೆ. ಎಳೆದವನ ಬಳಿಗೆ ಬರುವ ನಾಯಕ ಯಾವ ಮುಖ ಹೊತ್ತು ಬರುತ್ತಾನೆ ಎಂಬುದರ ಮೇಲೆ ಮತ್ತೊಮ್ಮೆ ಯಾರಾದರೂ ಎಳೆಯುತ್ತಾರೋ ಇಲ್ಲವೋ ಎಂಬುದು ನಿಂತಿದೆ. ನಿರ್ಭಯವೆಂದರೆ ಶಿಸ್ತು ಸಡಿಲಿಸುವುದಲ್ಲ, ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುವವನೊಡನೆ ಕಟುವಾಗಿ ಮಾತಾಡಬೇಕಾಗುತ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಅದನ್ನು ಹೇಗೆ ಆಡಬೇಕೆಂಬುದಕ್ಕೆ ಮಾತ್ರ ಹದಿನೈದು ನಿಮಿಷವೂ ಸಿಗಲಿಲ್ಲ. ಆಟಗಳಿಗೆ ಹೋದ ಹೊತ್ತು ಇಲ್ಲಿಗೆ ಬರಬೇಕಿತ್ತು.

ಇನ್ನು ಪ್ರಶ್ನಾವಳಿ. ಉತ್ತರಿಸಿದವರ ಗುರುತು ಯಾರಿಗೂ ತಿಳಿಯುವುದಿಲ್ಲವೆಂದು ಮೊದಲ ಪುಟದಲ್ಲೇ ಭರವಸೆ ಕೊಟ್ಟಿದ್ದರು. ನನ್ನ ಕೈಗೆ ಬಂದ ವರದಿಯಲ್ಲಿ ಉತ್ತರಗಳನ್ನು ಸೇವಾವಧಿ ಮತ್ತು ಹುದ್ದೆಗೆ ಅನುಗುಣವಾಗಿ ಬೇರ್ಪಡಿಸಿ ಕೊಟ್ಟಿದ್ದರು. 14 ಜನರ ವಿಭಾಗದಲ್ಲಿ ಹತ್ತು ವರ್ಷ ದಾಟಿದ ಹಿರಿಯ ಸಹಾಯಕರು ಇರುವುದೇ ಒಬ್ಬರು! "ನನ್ನ ಮುಖ್ಯಸ್ಥರ ಎದುರು ಸಮಸ್ಯೆಗಳನ್ನು ಹೇಳಿಕೊಳ್ಳಬಹುದು" ಎಂಬ ಸಾಲಿಗೆ ಐದರಲ್ಲಿ ಒಂದು ಅಂಕ ಕೊಟ್ಟವರು ಅವರೇ ಎಂದು ತಿಳಿಯಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ನಿರ್ಭಯದ ಬಗ್ಗೆ ಎರಡು ದಿನ ಪಾಠ ಹೇಳುವವರೇ ಹೀಗೆ ಮಾಡುವುದು, ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬಂತಾಯಿತು. ನನ್ನಂಥವನು ನಾಚಿಕೊಂಡು ಸುಮ್ಮನಾದ. ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳುವವನ ಕೈಗೆ ಅದೇ ವರದಿ ಸಿಕ್ಕಿದ್ದರೆ ಆ ಹಿರಿಯರ ವಾರ್ಷಿಕ ಮೌಲ್ಯಮಾಪನ ಏನಾಗುತ್ತಿತ್ತೋ.

ಮೂರು ತಿಂಗಳ ನಂತರದ ಮಾತುಕತೆ ಉಪಯುಕ್ತವಾಗಿತ್ತು, ಮುಖ್ಯವಾಗಿ ಅವರು ಅಂಕಗಳ ಬಗ್ಗೆ ಕೇಳದೆ, "ಈ ತಿಂಗಳು ನಿಮಗೆ ತಲುಪಿದ ಕೆಟ್ಟ ಸುದ್ದಿಗಳೆಷ್ಟು, ಎಷ್ಟು ಬೇಗ ತಲುಪಿದವು?" ಎಂದು ಕೇಳಿದ್ದರಿಂದ. ಏಳು ಎಂದೆ, ಅವುಗಳಲ್ಲಿ ಐದು ಅದೇ ದಿನ ತಲುಪಿದ್ದವು. ವರದಿಗಳನ್ನು ತಿದ್ದಿ ಬರೆಯುವ ಚಟ ಇನ್ನೂ ಪೂರ್ತಿ ಬಿಟ್ಟಿಲ್ಲ, ಈಗ ಅಂಚಿನಲ್ಲಿ ಟಿಪ್ಪಣಿ ಹಾಕಿ ಹಿಂದಿರುಗಿಸುತ್ತೇನೆ.

ಈ ಸೇವೆಯನ್ನು ಪಡೆಯಬೇಕೆಂದಿರುವವರು ಎರಡನೆಯ ದಿನದ ಅಭ್ಯಾಸವನ್ನೂ ಕಡೆಯ ಮಾತುಕತೆಯನ್ನೂ ಕೇಳಿ ಪಡೆಯಲಿ, ಒಂದು ಕಾರ್ಯಾಗಾರಕ್ಕೆ 12 ಜನರಿಗಿಂತ ಹೆಚ್ಚು ಬೇಡವೆಂದು ಪಟ್ಟು ಹಿಡಿಯಲಿ. 22 ಜನರಿದ್ದ ನಮ್ಮ ಕಾರ್ಯಾಗಾರದಲ್ಲಿ ಆರು ಮಂದಿಗೆ ವಿಡಿಯೋದ ಸರದಿಯೇ ಬರಲಿಲ್ಲ. ಪ್ರಶ್ನಾವಳಿಗೆ ಸಹಿ ಹಾಕುವ ಮುನ್ನ, ಎಷ್ಟು ಜನರಿಗಿಂತ ಕಡಿಮೆಯಿರುವ ಗುಂಪಿನ ಉತ್ತರಗಳನ್ನು ಬೇರ್ಪಡಿಸಿ ತೋರಿಸುವುದಿಲ್ಲ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಲಿ. ನನ್ನ ಆಕ್ಷೇಪವನ್ನು ನಾನು ಅವರಿಗೆ ಪತ್ರದಲ್ಲಿ ಬರೆದು ತಿಳಿಸಿದ್ದೆ. ಮಾರನೆಯ ದಿನವೇ ತರಬೇತುದಾರರ ಉತ್ತರ ಬಂತು. ಸಮರ್ಥನೆ ಒಂದು ಸಾಲೂ ಇರಲಿಲ್ಲ. ಇದೇ ರೀತಿ ಇನ್ನೆಷ್ಟು ವಿಭಾಗಗಳ ವರದಿ ಹೊರಗೆ ಹೋಗಿದೆ ಎಂದು ಪಟ್ಟಿ ಮಾಡುತ್ತಿದ್ದೇವೆ, ನಿಮ್ಮ ಪ್ರತಿಯನ್ನು ದಯವಿಟ್ಟು ಹಿಂದಿರುಗಿಸಿ ಎಂದಷ್ಟೇ ಇತ್ತು. ಹಿಂದಿರುಗಿಸಿದ್ದೇನೆ.