ಬೋಟಿನ ಮೀನು ಸ್ಪರ್ಧೆಗೆ ಯಾವ ದಾರ, ನೈಲಾನೋ, ಬ್ರೈಡೋ? ಎರಡೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ನೈಲಾನ್‌ಗೆ. ಭೀಮಾ ದಂಡೆಯಲ್ಲಿ ಒಬ್ಬರೇ ಕೂತು ಗಾಳ ಹಾಕುವ ಮಾತು ಬೇರೆ. ಚಳಿಗಾಲದಲ್ಲಿ ಮಲ್ಪೆಗೆ ಹೋಗಿ, ಒಂದೇ ಬೋಟಿನಲ್ಲಿ ಏಳೆಂಟು ಜನ ಒತ್ತೊತ್ತಾಗಿ ನಿಂತು ಸ್ಪರ್ಧೆಗೆ ಇಳಿಯುವುದಾದರೆ ರೀಲಿನಲ್ಲಿ ನೈಲಾನ್ ಲೈನೇ, ಅಂದರೆ ಒಂದೇ ಎಳೆಯ ಗಾಳದ ದಾರವೇ ಇರಲಿ. ಬ್ರೈಡ್ (ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರ) ಕೂಡ ದುಡ್ಡು ಕೊಟ್ಟು ತಂದು, ಅದೇ ಸಮುದ್ರದಲ್ಲಿ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಸ್ಪರ್ಧೆ ದೊಡ್ಡದೇನಲ್ಲ. ಕಲಬುರಗಿಯಿಂದ ನಾವು ಕೆಲವರು, ಉಡುಪಿ ಕಡೆಯ ಗೆಳೆಯರು ಕೆಲವರು, ಎಲ್ಲ ಸೇರಿ ಬೋಟ್ ಬಾಡಿಗೆಗೆ ಹಿಡಿಯುತ್ತೇವೆ. ಬೆಳಕು ಹರಿಯುವಾಗ ಹೊರಟರೆ, ಮಧ್ಯಾಹ್ನ ಬೋಟ್ ನಡೆಸುವ ತಾಂಡೇಲರು ಹಾರ್ನ್ ಹೊಡೆದ ಕೂಡಲೇ ಎಲ್ಲರೂ ಲೈನ್ ಎತ್ತಬೇಕು. ಯಾರ ಮೀನು ಜಾಸ್ತಿ ತೂಗುತ್ತದೋ ಅವರು ಗೆದ್ದರು. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಆಮೇಲೂ ಸ್ವಲ್ಪ ದಿನ ಅಲೆ ಜೋರು. ಡಿಸೆಂಬರ್, ಜನವರಿ ಹೊತ್ತಿಗೆ ಬೆಳಗ್ಗೆ ದಡದ ಕಡೆಯಿಂದ ತಣ್ಣನೆ ಗಾಳಿ, ನೀರು ಸಪಾಟು. ನಮ್ಮೂರಿನ ಚಳಿ ಅಂದುಕೊಂಡು ಸ್ವೆಟರ್ ಹಾಕಿಕೊಂಡು ಹೋದರೆ ಒಂಬತ್ತಕ್ಕೆಲ್ಲ ಬೆವರು ಬರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗುತ್ತದೆ, ಸಮುದ್ರದ ಕಡೆಯಿಂದ ಬೀಸುತ್ತದೆ. ಈ ಗಾಳಿಯನ್ನು ನೆನಪಿಟ್ಟುಕೊಳ್ಳಿ.

ಬ್ರೈಡ್ ಬಗ್ಗೆ ಒಳ್ಳೆಯದೂ ಇದೆ, ಇಲ್ಲ ಅನ್ನುವುದಿಲ್ಲ. 20 ಪೌಂಡ್ ಎಳೆತ ತಡೆಯುವ ನೈಲಾನ್ ಸುಮಾರು 0.45 ಮಿ.ಮೀ. ದಪ್ಪ ಇದ್ದರೆ, ಅಷ್ಟೇ ಬಲದ ಬ್ರೈಡ್ ಅದರ ಅರ್ಧದಷ್ಟು. ಹಿಗ್ಗುವುದಂತೂ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಇಪ್ಪತ್ತು ಮೀಟರ್ ಕೆಳಗೆ ಸಣ್ಣ ಮೀನೊಂದು ಸೀಗಡಿ ಚೂರಿಗೆ ಬಾಯಿ ಹಾಕಿದರೂ ಬೆರಳಿಗೆ ಗೊತ್ತಾಗುತ್ತದೆ. ಬೆಣ್ಣೆತೊರಾ ಹಿನ್ನೀರಿನ ಜೊಂಡಿನಲ್ಲಿ ಮುರ್ರೆಲ್ ಮೀನಿಗೆ ರಬ್ಬರ್ ಕಪ್ಪೆ ಎಸೆಯುವಾಗ ನಾನು ಇವತ್ತಿಗೂ ಬ್ರೈಡನ್ನೇ ಹಾಕುತ್ತೇನೆ, ಜೊಂಡು ಕೊಯ್ದುಕೊಂಡು ಬರುತ್ತದೆ, ಭಾಳ ಚೆನ್ನಾಗಿದೆ.

ಬೋಟಿನಲ್ಲಿ ಆ ಕೊಯ್ಯುವ ಗುಣವೇ ತಲೆನೋವು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ಎಂಜಿನ್ ನಿಲ್ಲಿಸಿದ ಮೇಲೆ ಬೋಟ್ ಗಾಳಿಗೆ, ಸೆಳೆತಕ್ಕೆ ಮೆಲ್ಲಗೆ ತೇಲುತ್ತಾ ಇರುತ್ತದೆ. ಎಲ್ಲರದೂ ಅದೇ 80 ಗ್ರಾಂ ಸೀಸದ ಗುಂಡು ಅಂತಿಟ್ಟುಕೊಳ್ಳಿ. ದಪ್ಪ ನೈಲಾನ್‌ಗೆ ನೀರಿನ ತಳ್ಳು ಜಾಸ್ತಿ, ಅದು ಬಾಗಿ ಓರೆಯಾಗಿ ದೂರ ಹೋಗುತ್ತದೆ. ಬ್ರೈಡ್ ತೆಳ್ಳಗೆ, ಹೆಚ್ಚು ಕಡಿಮೆ ನೇರ ಕೆಳಗಿಳಿಯುತ್ತದೆ. ಅಂದರೆ ಪಕ್ಕಪಕ್ಕ ನಿಂತವರ ಲೈನುಗಳು ನೀರೊಳಗೆ ಒಂದೇ ಕೋನದಲ್ಲಿ ಇರುವುದಿಲ್ಲ. ಒಂದರ ಕೆಳಗೆ ಇನ್ನೊಂದು ಹಾದುಹೋಗುತ್ತದೆ, ಮೇಲೆ ನಿಂತವರಿಗೆ ಅದು ಕಾಣುವುದೂ ಇಲ್ಲ. ಇನ್ನು ಗಾಳಿ ತಿರುಗಿದ ಮೇಲೆ ಕೇಳಲೇಬೇಡಿ. ಬ್ರೈಡ್ ನೀರಿಗಿಂತ ಹಗುರ, ಸ್ವಲ್ಪ ಸಡಿಲ ಬಿಟ್ಟರೂ ನೀರ ಮೇಲೆ ತೇಲಿಕೊಂಡು ಪಕ್ಕದವರ ಲೈನಿನ ಮೇಲೆ ಹೋಗಿ ಮಲಗುತ್ತದೆ.

ಹೀಗೇ ಒಮ್ಮೆ ನನ್ನ ಎಡಕ್ಕೆ ನಿಂತಿದ್ದ ಉಡುಪಿಯ ಅಣ್ಣನಿಗೆ ಒಳ್ಳೆ ಮುರು ಮೀನು ಕಚ್ಚಿತು. ರಾಡ್ ಬಾಗಿದ ರೀತಿ ನೋಡಿದರೆ ಅವತ್ತಿನ ಸ್ಪರ್ಧೆ ಅವರದ್ದೇ ಅನ್ನುವ ಹಾಗಿತ್ತು. ಮೀನು ಬಲಕ್ಕೆ ಓಡಿ ನನ್ನ ಬ್ರೈಡ್ ಸುತ್ತ ಒಂದು ಸುತ್ತು ಹೊಡೆಯಿತು. ಇಬ್ಬರೂ ಮೇಲೆತ್ತಿದಾಗ ಕಂಡಿದ್ದು ಬೆರಳ ತುದಿಯಷ್ಟು ಹಸಿರು ಉಂಡೆ, ಒಳಗೆ ಅವರ ಬಿಳಿ ನೈಲಾನ್, ಮಧ್ಯೆ ನನ್ನ ಸ್ವಿವೆಲ್ (ಲೈನ್ ತಿರುಚಿಕೊಳ್ಳದಂತೆ ಕಟ್ಟುವ ತಿರುಗುವ ಕೊಂಡಿ). ಒದ್ದೆ ಬ್ರೈಡ್‌ಗೆ ತುದಿ ಯಾವುದು, ನಡು ಯಾವುದು ಅಂತಲೇ ತಿಳಿಯದು, ಉಗುರು ಹಾಕಿ ಎಳೆದಷ್ಟೂ ಬಿಗಿಯಾಗುತ್ತದೆ. ಕೆಳಗೆ ಮೀನು ಇನ್ನೂ ಎಳೆಯುತ್ತಲೇ ಇತ್ತು. ನಾನು ಕತ್ತರಿ ತೆಗೆದು ನನ್ನ ಲೈನ್ ಕತ್ತರಿಸುವಷ್ಟರಲ್ಲಿ ಬ್ರೈಡ್ ಅವರ ನೈಲಾನನ್ನು ಬ್ಲೇಡಿನ ಹಾಗೆ ಕೊಯ್ದು ಹಾಕಿತ್ತು. ಮೀನು ಹೋಯಿತು. ಅವರು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ಬೇಜಾರಾಯಿತು. ತಾಂಡೇಲರು ಮಾತ್ರ ಸುಮ್ಮನಿರಲಿಲ್ಲ: "ಈ ದಾರ ಮುಂದಿನ ಸಲ ತರಬೇಡಿ ಮಾರಾಯ್ರೆ, ಸಿಕ್ಕು ಬಿಡಿಸುವುದರಲ್ಲೇ ಹೊತ್ತು ಹೋಗ್ತದೆ."

ಅವರು ಹೇಳಿದ್ದು ನಿಜ. ಮೀನು ಚೆನ್ನಾಗಿ ಕಚ್ಚುವುದು ಬೆಳಗಿನ ಮೊದಲ ಹೊತ್ತಿನಲ್ಲಿ. ಆ ಹೊತ್ತನ್ನು ಸಿಕ್ಕು ಬಿಡಿಸುತ್ತಾ ಕಳೆದರೆ ಮಧ್ಯಾಹ್ನದ ಹಾರ್ನ್ ಯಾರಿಗೂ ಕಾಯುವುದಿಲ್ಲ. ನೈಲಾನ್‌ಗೂ ಸಿಕ್ಕು ಬೀಳುತ್ತದೆ, ಆದರೆ ದಪ್ಪಗೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ, ಎರಡು ನಿಮಿಷದಲ್ಲಿ ಬಿಡುತ್ತದೆ. ಬೋಟಿನಲ್ಲಿ ಎಲ್ಲರೂ ಬ್ರೈಡ್, ಎಲ್ಲರದೂ ಒಂದೇ ತೂಕದ ಗುಂಡು ಅಂತ ಮೊದಲೇ ಮಾತಾಡಿಕೊಂಡರೆ ಈ ತೊಂದರೆ ಎಷ್ಟೋ ಕಡಿಮೆ. ನಮ್ಮ ಬೋಟಿನಲ್ಲಿ ಹೆಚ್ಚಿನವರದು ನೈಲಾನ್, ನಾನೊಬ್ಬ ಬೇರೆ ಹಾಕಿದರೆ ಎಲ್ಲರಿಗೂ ಕಾಟ ಅಲ್ವಾ?

ಗಂಟಿನ ವಿಷಯ. ಬ್ರೈಡ್‌ಗೆ ಮುಂದೆ ಲೀಡರ್ (ಗಾಳದ ಕಡೆಯ ಬೇರೆ ಲೈನ್ ತುಂಡು) ಜೋಡಿಸಲೇಬೇಕು. ಅವೆರಡನ್ನು ಜೋಡಿಸುವ ಎಫ್‌ಜಿ ಗಂಟು ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಹಾಕಿದರೆ ಸೊಗಸು, ತೂಗಾಡುವ ಬೋಟಿನಲ್ಲಿ ಸೀಗಡಿ ಲೋಳೆ ಮೆತ್ತಿದ ಕೈಯಲ್ಲಿ ಹಾಕಲು ಹೋಗಿ ನೋಡಿ. ನೈಲಾನ್‌ಗೆ ಸ್ವಿವೆಲ್ ಕಟ್ಟಿದರೆ ಕೆಲಸ ಮುಗಿಯಿತು, ಎಂಜಲು ಹಚ್ಚಿ ನಿಧಾನ ಬಿಗಿದರೆ ಸಾಕು.

ಅಂಜಲ್ ಮೀನಿನ ಹಲ್ಲಿಗೆ ಎರಡೂ ಒಂದೇ, ಸ್ಟೀಲ್ ವೈರ್ ಇಲ್ಲದೆ ಆಗದು.

ಇನ್ನೊಂದು, ಅಲೆಗೆ ಬೋಟ್ ಎದ್ದಾಗ, ಅದೇ ಕ್ಷಣಕ್ಕೆ ಮೀನು ಕೆಳಗೆ ಜಗ್ಗಿದರೆ ನೈಲಾನ್ ಹಿಗ್ಗಿ ಆ ಪೆಟ್ಟನ್ನು ತಡೆದುಕೊಳ್ಳುತ್ತದೆ. ಬ್ರೈಡ್‌ನಲ್ಲಿ ಆ ಪೆಟ್ಟು ನೇರ ಗಾಳಕ್ಕೆ, ಡ್ರ್ಯಾಗ್ (ಲೈನ್ ಬಿಚ್ಚಿಕೊಳ್ಳುವುದನ್ನು ಹಿಡಿಯುವ ರೀಲಿನ ಬ್ರೇಕು) ಸ್ವಲ್ಪ ಬಿಗಿ ಇದ್ದರೂ ಮೀನಿನ ಬಾಯಿ ಹರಿದು ಗಾಳ ಈಚೆ ಬರುತ್ತದೆ. ನನ್ನ ಕೈ ಚಿಕ್ಕಂದಿನಿಂದ ನೈಲಾನ್‌ಗೆ ಒಗ್ಗಿದೆ, ಈ ಮಾತಿಗೆ ಅದೂ ಒಂದು ಕಾರಣ ಇರಬಹುದು.

ಬ್ರೈಡ್ ಹೆಣಿಗೆಯೊಳಗೆ ಉಪ್ಪು ನೀರು ಕೂರುತ್ತದೆ, ಅಲ್ಲಿಂದ ರೀಲಿಗೆ ಇಳಿಯುತ್ತದೆ. ಯಾವ ಲೈನ್ ಆದರೂ ರೂಮಿಗೆ ಬಂದ ತಕ್ಷಣ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಜೋರಾಗಿ ಪೈಪ್ ಬಿಡಬೇಡಿ, ಉಪ್ಪು ಇನ್ನೂ ಒಳಗೆ ಹೋಗುತ್ತದೆ.

ಬಾಳಿಕೆಯಲ್ಲಿ ಮಾತ್ರ ಬ್ರೈಡ್ ಮುಂದು. ನೈಲಾನ್ ಬಿಸಿಲಿಗೆ ಹಾಳಾಗುತ್ತದೆ, ನಮ್ಮ ಕಲಬುರಗಿ ಬೇಸಿಗೆಯಲ್ಲಿ ಅಟ್ಟದ ಮೇಲೆ ಇಟ್ಟರೆ ಮುಗಿಯಿತು. ನಾನು ಪ್ರತಿ ವರ್ಷ ಹೊಸದು ಹಾಕುತ್ತೇನೆ. ಹಾಗೆ ಹಾಕಿದರೂ ಒಂದು ಒಳ್ಳೆ ಬ್ರೈಡಿನ ದುಡ್ಡಿನಲ್ಲಿ ನನಗೆ ನಾಲ್ಕೈದು ಚಳಿಗಾಲದ ನೈಲಾನ್ ಬರುತ್ತದೆ. ಬೋಟ್ ಬಾಡಿಗೆ ಪಾಲು, ಬಸ್ ಚಾರ್ಜು, ರೂಮು ಎಲ್ಲ ಸೇರಿಸಿದರೆ ಉಳಿಯುವುದೇ ಸ್ವಲ್ಪ, ಲೈನಿಗೆ ಅಷ್ಟು ಸುರಿಯಲು ನನ್ನಿಂದಾಗದು.

ಸಮುದ್ರಕ್ಕೆ ಒಬ್ಬರೇ ಚಿಕ್ಕ ದೋಣಿಯಲ್ಲಿ ಹೋಗುವವರು, ಜಿಗ್ (ಲೋಹದ ನಕಲಿ ಮೀನು) ಕುಣಿಸುವವರು ಬ್ರೈಡ್ ತಗೊಳ್ಳಿ, ಬೇಡ ಅನ್ನುವುದಿಲ್ಲ. ಗುಂಪಿನ ಬೋಟಿಗೆ ಹೋಗುವವರು 0.45ರ ನೈಲಾನ್ ತುಂಬಿಸಿ, ಗುಂಡು ಎಷ್ಟು ಗ್ರಾಂ ಅಂತ ಪಕ್ಕದಲ್ಲಿ ನಿಲ್ಲುವವರನ್ನು ಹಿಂದಿನ ರಾತ್ರಿಯೇ ಕೇಳಿಕೊಳ್ಳಿ.