ಯಾವ ಪೇಜ್ ಬದಲಾಯ್ತು? ಎಂಪ್ರೊಟೆಕ್ಟ್, ಸಾಫ್ಟ್-ಡರ್ಟಿ, ಯೂಸರ್‌ಫಾಲ್ಟ್‌ಎಫ್‌ಡಿ ಮೂರನ್ನೂ ಓಡಿಸಿ ನೋಡಿದೆ

ನನ್ನದೊಂದು ಸಿ ಪ್ರೋಗ್ರಾಂ ಇದೆ. ರಾತ್ರಿಯಿಡೀ ಓಡುವ ಲೆಕ್ಕ, ನಾಲ್ಕು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು), ಎಲ್ಲ ಡೇಟಾ 256 ಎಂಬಿ ಮೆಮೊರಿಯಲ್ಲಿ. ಮನೆಯಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅದಕ್ಕೆ ಆಗಾಗ ಡಿಸ್ಕಿಗೆ ಉಳಿಸೋಣ ಅಂದುಕೊಂಡೆ. ಪೂರ್ತಿ 256 ಎಂಬಿ ಅಲ್ಲ, ಹಿಂದಿನ ಸಲ ಉಳಿಸಿದ ಮೇಲೆ ಬದಲಾದ ಪೇಜುಗಳು (ಮೆಮೊರಿಯ 4096 ಬೈಟಿನ ಭಾಗಗಳು) ಮಾತ್ರ. ಯಾವುದು ಬದಲಾಯಿತು ಅನ್ನೋದನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮೂಲಕ ತಿಳಿಯಲು ಲಿನಕ್ಸ್‌ನಲ್ಲಿ ಮೂರು ದಾರಿ ಇವೆ. ಮೂರನ್ನೂ ಇದೇ ಪ್ರೋಗ್ರಾಂಗೆ ಹಾಕಿ ನೋಡಿದೆ.

ಮೊದಲು ಎಂಪ್ರೊಟೆಕ್ಟ್, ಅಂದರೆ ಪೇಜುಗಳ ಓದು-ಬರಹದ ಅನುಮತಿ ಬದಲಿಸುವ ಕರೆ. ಹಳೆಯ ದಾರಿ, ಎಲ್ಲ ಯುನಿಕ್ಸ್‌ಗಳಲ್ಲೂ ಸಿಗುತ್ತದೆ, ಹಾಗಾಗಿ ಜಾಸ್ತಿ ಜನ ಮೊದಲು ಇದನ್ನೇ ಹಿಡಿಯುತ್ತಾರೆ. ಇಡೀ ಜಾಗವನ್ನು ಓದಲು ಮಾತ್ರ ಅಂತ ಮಾಡಿಬಿಡುವುದು. ಅಲ್ಲಿ ಬರೆಯಲು ಹೋದ ತಕ್ಷಣ ಸಿಪಿಯು ತಡೆದು ಕರ್ನಲ್ಲನ್ನು ಕರೆಯುತ್ತದೆ, ಕರ್ನಲ್ ಆ ಥ್ರೆಡ್‌ಗೆ ಸಿಗ್‌ಸೆಗ್ವಿ ಅನ್ನುವ ಸಿಗ್ನಲ್ (ತಪ್ಪು ಜಾಗ ಮುಟ್ಟಿದ್ದೀರಿ ಅನ್ನುವ ಸೂಚನೆ) ಕಳಿಸುತ್ತದೆ, ಅದಕ್ಕೆಂದು ನಾವು ಕೂರಿಸಿದ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಓಡುತ್ತದೆ. ಯಾವ ವಿಳಾಸದಲ್ಲಿ ತಡೆಯಿತು ಅನ್ನೋದು ಸಿಗ್ನಲ್ ಜೊತೆಗೇ ಬರುತ್ತದೆ. ಆ ಪೇಜಿನ ನಂಬರ್ ಗುರುತು ಹಾಕಿಕೊಂಡು, ಆ 4096 ಬೈಟಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟು ವಾಪಸ್ ಬಂದರೆ, ತಡೆದಿದ್ದ ಅದೇ ಇನ್‌ಸ್ಟ್ರಕ್ಷನ್ ಮತ್ತೊಮ್ಮೆ ಓಡುತ್ತದೆ. ಈ ಸಲ ಬರಹ ಆಗುತ್ತದೆ. ಇದನ್ನು ಮೊದಲ ಸಲ ಕೆಲಸ ಮಾಡಿಸಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಕರ್ನಲ್ ಮಾಡುವ ಕೆಲಸದ ಒಂದು ತುಂಡು ನಮ್ಮ ಕೈಗೇ ಬಂದಂತೆ.

ತೊಂದರೆ ಆಮೇಲೆ ಶುರುವಾಯಿತು. ಒಂದು ರಾತ್ರಿ ಪ್ರೋಗ್ರಾಂ ಸಾಯಲೂ ಇಲ್ಲ, ಮುಂದೆ ಹೋಗಲೂ ಇಲ್ಲ, ಸಿಪಿಯುವಿನ ಒಂದು ಕೋರ್ ಮಾತ್ರ 100% ಓಡುತ್ತಿತ್ತು. ಬೇರೆಲ್ಲೋ ಒಂದು ನಲ್ ಪಾಯಿಂಟರ್ (ಸರಿಯಾದ ವಿಳಾಸವೇ ಇಲ್ಲದ್ದು) ಇತ್ತು. ನನ್ನ ಹ್ಯಾಂಡ್ಲರ್ ಅದನ್ನೂ ತನ್ನದೇ ಫಾಲ್ಟ್ (ಸಿಪಿಯು ತಡೆದದ್ದು) ಅಂದುಕೊಂಡು, ಎಂಪ್ರೊಟೆಕ್ಟ್ ಸೋತದ್ದನ್ನು ನೋಡದೆ ವಾಪಸ್ ಬರುತ್ತಿತ್ತು. ಅದೇ ಇನ್‌ಸ್ಟ್ರಕ್ಷನ್, ಅದೇ ಫಾಲ್ಟ್, ಬೆಳಗಿನವರೆಗೂ. ವಿಳಾಸ ನಮ್ಮ ಜಾಗದ ಹೊರಗಿದ್ದರೆ ಸಿಗ್ನಲ್ಲನ್ನು ಡೀಫಾಲ್ಟ್‌ಗೆ ಮರಳಿಸಿ ಸುಮ್ನೆ ವಾಪಸ್ ಬರಬೇಕು. ಆಗ ಮುಂದಿನ ಫಾಲ್ಟ್‌ಗೆ ಪ್ರೋಗ್ರಾಂ ಸರಿಯಾಗಿ ಸಾಯುತ್ತದೆ, ಕೋರ್ ಡಂಪ್ (ಸಾಯುವ ಹೊತ್ತಿನ ಮೆಮೊರಿಯ ನಕಲು) ಕೂಡ ಸಿಗುತ್ತದೆ. ಇನ್ನು ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್, ಮ್ಯಾಲಕ್ ಬೇಡವೇ ಬೇಡ. ತಪ್ಪು ಹುಡುಕಲು ಬಳಸುವ ಜಿಡಿಬಿ ಪ್ರತಿ ಸಿಗ್‌ಸೆಗ್ವಿಗೂ ನಿಲ್ಲುತ್ತದೆ, ಅದಕ್ಕೆ ನೋಸ್ಟಾಪ್, ನೋಪ್ರಿಂಟ್, ಪಾಸ್ ಅಂತ ಮೊದಲೇ ಹೇಳಿಡಿ.

ಇಷ್ಟೆಲ್ಲ ಸರಿಮಾಡಬಹುದು. ನಿಜವಾದ ಪೆಟ್ಟು ಬಿದ್ದದ್ದು ಎರಡು ಕಡೆ.

ಒಂದು, ಫೈಲಿನಿಂದ ನೇರವಾಗಿ ಈ ಜಾಗಕ್ಕೆ ಓದುವ ರೀಡ್ ಕರೆ. ಅಲ್ಲಿ ಬರೆಯುವವರು ನಾವಲ್ಲ, ನಮ್ಮ ಪರವಾಗಿ ಕರ್ನಲ್. ಪೇಜಿಗೆ ಬರೆಯುವಂತಿಲ್ಲ ಅಂತ ಕಂಡರೆ ಅದು ಸಿಗ್ನಲ್ ಕಳಿಸುವುದಿಲ್ಲ, ಇಫಾಲ್ಟ್ ಅನ್ನುವ 14ನೇ ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹ್ಯಾಂಡ್ಲರ್‌ಗೆ ವಿಷಯವೇ ಗೊತ್ತಾಗುವುದಿಲ್ಲ. ಹಾಗಾಗಿ ಕರ್ನಲ್ಲಿಗೆ ಕೆಲಸ ಹೇಳುವ ಇಂಥ ಪ್ರತಿ ಸಿಸ್ಟಂ ಕರೆಗೂ ಮುಂಚೆ, ಡೇಟಾ ಬಂದು ಬೀಳುವ ಬಫರಿನ ಪೇಜುಗಳನ್ನು ನಾವೇ ತೆರೆದಿಡಬೇಕು. ನಮ್ಮ ಕೋಡಿನಲ್ಲಾದರೆ ಸರಿ, ಬೇರೆಯವರ ಲೈಬ್ರರಿ ಒಳಗೆ ಆ ಕರೆ ಇದ್ದರೆ ಏನು ಮಾಡೋದು?

ಇನ್ನೊಂದು, ಮ್ಯಾಪ್‌ಗಳ ಮಿತಿ. ಒಂದೇ ಅನುಮತಿ ಇರುವ ಅಕ್ಕಪಕ್ಕದ ಪೇಜುಗಳನ್ನು ಕರ್ನಲ್ ಒಂದೇ ತುಂಡಾಗಿ ಲೆಕ್ಕ ಇಡುತ್ತದೆ. ಮಧ್ಯದ ಒಂದು ಪೇಜಿನ ಅನುಮತಿ ಬದಲಿಸಿದರೆ ಆ ತುಂಡು ಮೂರಾಗುತ್ತದೆ. ಒಂದು ಪ್ರೊಸೆಸ್‌ಗೆ ಇಂಥ ತುಂಡುಗಳು ಸಾಮಾನ್ಯವಾಗಿ 65530 ಇರಬಹುದು. 256 ಎಂಬಿ ಅಂದರೆ 65536 ಪೇಜ್. ನಾನು ಬೇಕೆಂದೇ ಒಂದು ಬಿಟ್ಟು ಒಂದು ಪೇಜಿಗೆ ಬರೆದು ನೋಡಿದೆ. ಕೊನೆ ಹತ್ತಿರ ಬಂದಾಗ ಎಂಪ್ರೊಟೆಕ್ಟ್ ಮೆಮೊರಿ ಇಲ್ಲ ಅಂದುಬಿಟ್ಟಿತು, ರ‍್ಯಾಮ್ ಬೇಕಾದಷ್ಟು ಖಾಲಿ ಇದ್ದರೂ. ಈ ಮಿತಿಯನ್ನು ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಕಂಟ್ರೋಲ್‌ನಲ್ಲಿ ಏರಿಸಬಹುದು ನಿಜ, ಆದರೆ ಬೇರೆಯವರ ಮಷೀನಿನಲ್ಲಿ ಅದನ್ನು ಏರಿಸಿ ಅಂತ ಕೇಳುವುದು ನನಗೆ ಸರಿ ಅನಿಸಲಿಲ್ಲ.

ಎರಡನೆಯದು ಸಾಫ್ಟ್-ಡರ್ಟಿ. 2013ರಲ್ಲಿ, 3.11 ಕರ್ನಲ್ಲಿನಲ್ಲಿ ಬಂತು. ಓಡುತ್ತಿರುವ ಪ್ರೊಸೆಸ್ಸನ್ನು ಡಿಸ್ಕಿಗೆ ಇಳಿಸುವ ಕ್ರಿಯು ಯೋಜನೆಗಾಗಿ ಮಾಡಿದ್ದು, ಅಂದರೆ ನನ್ನಂಥದೇ ಕೆಲಸಕ್ಕೆ. ಕರ್ನಲ್ ತನ್ನ ಮಾಹಿತಿಯನ್ನು ಫೈಲುಗಳಂತೆ ತೋರಿಸುವ ಪ್ರಾಕ್ ಒಳಗಿನ ಕ್ಲಿಯರ್_ರೆಫ್ಸ್ ಫೈಲಿಗೆ 4 ಅಂತ ಬರೆದರೆ ಪೇಜ್ ಬದಲಾಗಿದೆ ಅನ್ನುವ ಗುರುತುಗಳೆಲ್ಲ ಅಳಿಯುತ್ತವೆ. ಆಮೇಲೆ ಪೇಜ್‌ಮ್ಯಾಪ್ ಫೈಲಿನಲ್ಲಿ ಪ್ರತಿ ಪೇಜಿನ 55ನೇ ಬಿಟ್ ನೋಡಿದರೆ ಆಯಿತು. ಪೇಜಿಗೆ 8 ಬೈಟ್, ನನ್ನ ಜಾಗಕ್ಕೆ 512 ಕೆಬಿ ಓದಿದರೆ ಸಾಕು. ಒಳಗೆ ಇಲ್ಲೂ ಫಾಲ್ಟ್ ಆಗುತ್ತದೆ, ಆದರೆ ಕರ್ನಲ್ ತಾನೇ ಬಿಟ್ ಹಾಕಿ ಮುಂದೆ ಬಿಡುತ್ತದೆ. ಹ್ಯಾಂಡ್ಲರ್ ಇಲ್ಲ, ಸಿಗ್ನಲ್ ಇಲ್ಲ, ರೀಡ್ ಕರೆಯ ಗೋಳೂ ಇಲ್ಲ. ಸಿಗ್‌ಸೆಗ್ವಿ ಕೋಡನ್ನೆಲ್ಲ ತೆಗೆದುಹಾಕಿದ ದಿನ ಮನಸ್ಸು ಹಗುರವಾಯಿತು.

ಕೊರತೆ ಇದೆ. ಅಳಿಸುವುದು ಇಡೀ ಪ್ರೊಸೆಸ್‌ಗೆ, ಒಂದು ಜಾಗಕ್ಕೆ ಮಾತ್ರ ಆಗುವುದಿಲ್ಲ. ಕೆಲವು ಸಲ ಮುಟ್ಟದ ಪೇಜುಗಳೂ ಬದಲಾಗಿವೆ ಅಂತ ತೋರಿಸುತ್ತದೆ, ಉಳಿಸುವ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ಮುಖ್ಯವಾದದ್ದು ಬೇರೆ: ಓದುವುದು ಒಂದು ಹೆಜ್ಜೆ, ಅಳಿಸುವುದು ಇನ್ನೊಂದು. ಆ ಎರಡರ ನಡುವೆ ಬೇರೆ ಥ್ರೆಡ್ ಬರೆದರೆ ಆ ಬದಲಾವಣೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ನಾಲ್ಕೂ ಥ್ರೆಡ್‌ಗಳನ್ನು ನಿಲ್ಲಿಸಲೇಬೇಕು.

ಮೂರನೆಯದು ಯೂಸರ್‌ಫಾಲ್ಟ್‌ಎಫ್‌ಡಿ. ಇಲ್ಲಿ ಫಾಲ್ಟ್ ಸಿಗ್ನಲ್ ಆಗಿ ಬರುವುದಿಲ್ಲ, ಫೈಲಿನಂತೆ ಓದಬಹುದಾದ ಒಂದು ಫೈಲ್ ಡಿಸ್ಕ್ರಿಪ್ಟರ್‌ನಲ್ಲಿ ಸಂದೇಶವಾಗಿ ಬರುತ್ತದೆ. ಬರೆಯಲು ಹೋದ ಥ್ರೆಡ್ ನಿದ್ದೆಯಲ್ಲಿರುತ್ತದೆ. ಇನ್ನೊಂದು ಥ್ರೆಡ್ ಸಂದೇಶ ಓದಿ, ಹಳೆಯ ಪೇಜನ್ನು ನಕಲು ಮಾಡಿಕೊಂಡು, ಅನುಮತಿ ಕೊಟ್ಟು ಎಬ್ಬಿಸುತ್ತದೆ. ಅದು ಮಾಮೂಲಿ ಥ್ರೆಡ್, ಹಾಗಾಗಿ ಪ್ರಿಂಟ್‌ಎಫ್ ಕೂಡ ಧೈರ್ಯವಾಗಿ ಬಳಸಬಹುದು. ಆದರೆ ಅದೇ ಥ್ರೆಡ್ ತಡೆದಿಟ್ಟ ಜಾಗಕ್ಕೆ ಬರೆದರೆ ಅದನ್ನು ಎಬ್ಬಿಸಲು ಯಾರೂ ಇರುವುದಿಲ್ಲ. ಬರೆಯುವುದಕ್ಕೆ ತಡೆ ಹಾಕುವ ಸೌಲಭ್ಯ 5.7ರಿಂದ ಇದೆ. 5.11ರಿಂದ ಮಾಮೂಲಿ ಬಳಕೆದಾರರಿಗೆ ಪೂರ್ತಿ ಅನುಮತಿ ಇಲ್ಲ, ಯೂಸರ್ ಮೋಡ್ ಮಾತ್ರ ಅನ್ನುವ ಫ್ಲಾಗ್ ಹಾಕಿ ತೆರೆಯಬೇಕು. ಆಗ ಕರ್ನಲ್ ಒಳಗಿನ ಫಾಲ್ಟ್‌ಗಳು ನಮಗೆ ಬರುವುದಿಲ್ಲ. ರೀಡ್ ತಾಪತ್ರಯ ಮತ್ತೆ ಅಲ್ಲಿಗೇ ಬಂತು, ಅಲ್ವಾ?

ಆದರೂ ಕೊನೆಗೆ ನಾನು ಉಳಿಸಿಕೊಂಡದ್ದು ಇದರದೇ ಹೊಸ ರೂಪ. 6.7 ಕರ್ನಲ್ಲಿನಲ್ಲಿ ಅಸಿಂಕ್ ಮೋಡ್ ಬಂತು, ಜೊತೆಗೆ ಪೇಜ್‌ಮ್ಯಾಪ್ ಸ್ಕ್ಯಾನ್. ಫಾಲ್ಟ್ ಆದಾಗ ಕರ್ನಲ್ ಯಾರನ್ನೂ ಕಾಯಿಸದೆ ತಾನೇ ತಡೆ ತೆಗೆಯುತ್ತದೆ. ನಾವು ಕೇಳಿದಾಗ ಬದಲಾದ ಪೇಜುಗಳ ಪಟ್ಟಿ ಕೊಡುವುದು, ಅವಕ್ಕೆ ಮತ್ತೆ ತಡೆ ಹಾಕುವುದು, ಎರಡನ್ನೂ ಒಂದೇ ಏಟಿಗೆ ಮಾಡುತ್ತದೆ, ನಡುವೆ ಬರಹ ಕಳೆದುಹೋಗಲು ಜಾಗವೇ ಇಲ್ಲ. ವಿಂಡೋಸ್‌ನಲ್ಲಿ ಗೆಟ್‌ರೈಟ್‌ವಾಚ್ ಅಂತ ಈ ಕೆಲಸಕ್ಕೆ ಬಹಳ ಹಿಂದಿನಿಂದ ಒಂದು ಕರೆ ಇದೆ, ಲಿನಕ್ಸ್‌ಗೆ ಇದು ಇಷ್ಟು ತಡವಾಗಿ ಬಂದದ್ದು ನನಗೆ ಬೇಜಾರೇ. ಹಳೆ ಕರ್ನಲ್ ಇದ್ದರೆ ನನ್ನ ಪ್ರೋಗ್ರಾಂ ಸಾಫ್ಟ್-ಡರ್ಟಿಗೆ ಇಳಿಯುತ್ತದೆ, ಥ್ರೆಡ್ ನಿಲ್ಲಿಸಿ ಕೆಲಸ ಮುಗಿಸುತ್ತದೆ.

ಎಂಪ್ರೊಟೆಕ್ಟ್ ಕೋಡನ್ನು ಅಳಿಸಿಲ್ಲ. ಯಾವ ಸಾಲು ಬರೆಯಿತು ಅಂತ ಬೇಕಾದಾಗ ಈ ಹಳೆ ದಾರಿಯೇ ಗೆಲ್ಲುತ್ತದೆ, ಏಕೆಂದರೆ ಹ್ಯಾಂಡ್ಲರ್‌ಗೆ ತಡೆದ ಇನ್‌ಸ್ಟ್ರಕ್ಷನ್ನಿನ ವಿಳಾಸವೂ ಸಿಗುತ್ತದೆ. ಮೊನ್ನೆ ಒಂದು ಅರೇ ತನ್ನ ಗಡಿ ದಾಟಿ ಪಕ್ಕದ ಟೇಬಲ್ ಕೆಡಿಸುತ್ತಿತ್ತು. ಟೇಬಲ್ಲಿನ ಪೇಜಿಗೆ ತಡೆ ಹಾಕಿ ಓಡಿಸಿದೆ, ಮೊದಲ ಸಿಗ್ನಲ್ಲಿಗೇ ತಪ್ಪಿದ ಲೂಪ್ ಸಿಕ್ಕಿತು.